ಪಿಕಪ್ ಹಿಂದ ಬಾಳ ಎತ್ತರ ಐತಿ, ಇಳಿಸಿ ಲೆವೆಲ್ ಮಾಡೂದು ಹೆಂಗ್ರಿ?

ಇಂಡಿ_ನಿಗಡಿ (ಪುಣೆ)

ಎಲ್ಲಾರಿಗೂ ನಮಸ್ಕಾರ್ರಿ. ನಾ ಇರೋದು ಪುಣೆದಾಗ, ನಿಗಡಿ ಕಡೆ, ಊರು ಇಂಡಿ ತಾಲೂಕು. ಹೋದ ದೀಪಾವಳಿಗೆ ಒಂದು 2018ರ ಇಸುಜು ವಿ-ಕ್ರಾಸ್ ತಗೊಂಡೇನಿ, ಸೆಕೆಂಡ್ ಹ್ಯಾಂಡ್, 2.5 ಲೀಟರ್ ಇಂಜಿನ್ನಿಂದು. ಇಂಜಿನ್ ಗಿಂಜಿನ್ ಎಲ್ಲಾ ಗಟ್ಟಿ ಐತಿ, ಅದರ ಬಗ್ಗೆ ಮಾತಿಲ್ಲ, ಆದ್ರ ಒಂದ ಒಂದು ಕಿರಿಕಿರಿ ತಲ್ಯಾಗ ಕುಂತಬಿಟ್ಟೈತಿ. ಗಾಡಿ ಹಿಂದ ಎತ್ತರ, ಮುಂದ ತಗ್ಗು. ಪಿಕಪ್ ಎಲ್ಲಾ ಸ್ವಲ್ಪ ಹಿಂಗ ಇರ್ತಾವು ಅಂತ ಗೊತ್ತೈತಿ, ಆದ್ರ ನಂದು ಅತೀ ಆತು. ಪಾರ್ಕಿಂಗದಾಗ ಬಾಜೂಕ ನಿಂತು ನೋಡಿ ನಮ್ಮನಿಯಾಕಿ "ಇದೇನ್ರಿ, ನಿಮ್ಮ ಗಾಡಿ ನೆಲಾ ಮೂಸಿ ನೋಡಾಕತ್ತೈತಿ" ಅಂದ್ಲು, ಅವತ್ತಿನಿಂದ ನನಗೂ ಹಂಗ ಕಾಣಾಕತ್ತೈತಿ, ಏನ್ ಮಾಡ್ಲಿ.

ಬರೇ ನೋಡಾಕ ಅಂತಲ್ಲ ಮತ್ತ. ಮಳಿ ಬಂದ್ರ ಬೆಡ್ಡಿನಾಗಿನ ನೀರು ಹಿಂದಿನ ಬಾಗಲದ ಕಡೆ ಹರಿಯೂದಿಲ್ಲ, ಕ್ಯಾಬಿನ್ ಗ್ವಾಡಿಗೆ ಬಂದು ನಿಲ್ತೈತಿ. ಖಾಲಿ ಗಾಡಿ ಹೊಡಿವಾಗ ಖಂಬಾಟ್ಕಿ ಘಾಟ್ ಇಳಿಯೂಮುಂದ ಸೀಟಿನಿಂದ ಮುಂದ ಜಾರಿದಂಗ ಆಕ್ಕೈತಿ. ತಿಂಗಳಿಗೊಮ್ಮೆ ಊರಿಗೆ ಡ್ರಿಪ್ ಪೈಪು, ಮೋಟರ್ ಸಾಮಾನು ಒಯ್ತೇನಿ, ಜಾಸ್ತಿ ಅಂದ್ರ 200-250 ಕೆಜಿ, ಉಳದ ದಿನಾ ಎಲ್ಲಾ ಖಾಲಿನ.

ಭೋಸರಿ ಕಡೆ ಮೂರು ಗ್ಯಾರೇಜ್ ತಿರುಗೀನಿ, ಮೂರು ಮಂದಿ ಮೂರು ಮಾತು. ಒಬ್ಬಾಂವ 2 ಇಂಚಿನ ಬ್ಲಾಕ್ (ಕಬ್ಬಿಣದ ಗಟ್ಟಿ) ಹಾಕೂಣು ಅಂತಾನ, ಇನ್ನೊಬ್ಬಾಂವ ಒಂದು ಪಾಟಾ ತಗದ ಒಗಿ ಅಂತಾನ (ಹಿಂದ ಗಾಡಿ ವಜ್ಜಿ ಹೊರೂ ಸ್ಪ್ರಿಂಗ್ ಪಟ್ಟಿ, ನಮ್ಮ ಕಡೆ ಕಮಾನ್ ಅಂತೀವಲ್ಲ, ಇಲ್ಲೆ ಅದಕ್ಕ ಪಾಟಾ), ಮೂರನೇದಾಂವ ಪಾಟಾ ಬಿಚ್ಚಿ ಬಡದು ಸಪಾಟ ಮಾಡಿ ಕೊಡ್ತೇನಿ, ಮಧ್ಯಾಹ್ನ ಬಿಟ್ಟು ಸಂಜಿಕೆ ಒಯ್ರಿ ಅಂತಾನ. ಯಾರದು ಖರೇ? ಯಾರರ ಮಾಡ್ಸಿದವ್ರು ಇದ್ರ ಹೇಳ್ರಿ. ಮುಂದ ಎತ್ತೂ ಕಿಟ್ ಬಗ್ಗೆ ಹೇಳ್ಬ್ಯಾಡ್ರಿ, ನಮ್ಮವ್ವಗ ಈಗ ಹತ್ತಾಕ ಆಗೂದಿಲ್ಲ, ಗಾಡಿ ಇನ್ನೂ ಎತ್ತರ ಮಾಡೂದು ಬ್ಯಾಡ.

ಕೊಪ್ಪರಿಗೆ_ಥಾಣೆ (ಮುಂಬೈ)

ಮೊದಲು ಆ ಬ್ಲಾಕಿನವನ ಗ್ಯಾರೇಜಿಗೆ ಇನ್ನೊಮ್ಮೆ ಹೋಗ್ಬೇಡಿ ಮಾರಾಯ್ರೆ. ನಿಮ್ಮ ಗಾಡಿಯಲ್ಲಿ ಪಾಟಾ ಉಂಟಲ್ಲ, ಅದು ಆಕ್ಸಲಿನ (ಎರಡು ಚಕ್ರ ಸೇರಿಸುವ ದಂಡ) ಮೇಲೆ ಕೂತಿರುದು. ಆಕ್ಸಲ್ ಕೆಳಗೆ, ಪಾಟಾ ಮೇಲೆ, ಅದರ ಮೇಲೆ ಚಾಸಿ (ಗಾಡಿಯ ಅಡಿ ಚೌಕಟ್ಟು). ನಡುವೆ ಬ್ಲಾಕ್ ತುರುಕಿದ್ರೆ ಗಾಡಿ ಇಳಿಯುದಲ್ಲ, ಇನ್ನು 2 ಇಂಚು ಏರ್ತದೆ! ಬ್ಲಾಕ್ ಹಾಕಿ ಇಳಿಸ್ಲಿಕ್ಕೆ ಆಗುದು ಪಾಟಾ ಆಕ್ಸಲಿನ ಅಡಿಯಲ್ಲಿ ನೇತಾಡುವ ಗಾಡಿಗೆ ಮಾತ್ರ, ನಮ್ಮ ಹಳೇ ಜೀಪಿನ ಹಾಗೆ. ಅವ ಒಂದೋ ಬಗ್ಗಿ ನೋಡ್ಲಿಲ್ಲ, ಇಲ್ಲದಿದ್ರೆ ಅವನ ಹತ್ರ ಬ್ಲಾಕ್ ಸ್ಟಾಕ್ ಉಂಟು, ಖಾಲಿ ಆಗ್ಬೇಕು, ಅಷ್ಟೇ.

ಇನ್ನು ಪಾಟಾ ತೆಗೆಯುದು. ಅದು ನಾನೇ ಮಾಡಿಸಿ ಅನುಭವಿಸಿದ್ದು, ಹಾಗಾಗಿ ಸ್ವಲ್ಪ ಉದ್ದ ಹೇಳ್ತೇನೆ. ನನ್ನದು ಕೇಟರಿಂಗ್. ಮೊದಲು ಒಂದು ಪಿಕಪ್ ಇತ್ತು, ಕಂಪನಿ ಹೆಸರು ಬೇಡ, ತಪ್ಪು ಗಾಡಿದ್ದಲ್ಲ ನನ್ನದೇ. ಹಿಂದೆ ಗಟ್ಟಿ ಪಾಟಾ, ಅರ್ಧ ಲೋಡಿನಲ್ಲಿ ಹೊಂಡಕ್ಕೆ ಬಿದ್ರೆ ಸಾಂಬಾರಿನ ಕೊಪ್ಪರಿಗೆಯ ಮುಚ್ಚಳ ಹಾರಿ ಹೋಗ್ತಿತ್ತು, ಬೆಳಿಗ್ಗೆ ಮದುವೆ ಹಾಲಿಗೆ ಮುಟ್ಟುವಾಗ ಕಾಲು ಭಾಗ ಸಾಂಬಾರು ಟಾರ್ಪಲಿನ ಮೇಲೆ. ಒಬ್ಬ ಮಿಸ್ತ್ರಿ ಮೇಲಿನಿಂದ ಮೂರನೇ ಪಾಟಾ ತೆಗೆದು ಕೊಟ್ಟ. ಒಂದು ಇಂಚಿಗೆ ಸ್ವಲ್ಪ ಜಾಸ್ತಿ ಇಳಿಯಿತು, ಮೆತ್ತಗೆ ಆಯ್ತು, ನಾನು ಖುಷಿ. ನಾಲ್ಕು ತಿಂಗಳು. ಆಮೇಲೆ ಲೋಡ್ ಹಾಕಿ ಫಸ್ಟ್ ಗೇರಿನಲ್ಲಿ ಎತ್ತುವಾಗ ಹಿಂದಿನಿಂದ ಗಡಗಡ ಅಂತ ನಡುಗ್ಲಿಕ್ಕೆ ಶುರು, ಎಂತದಂತ ನೋಡಿದ್ರೆ ಪಾಟಾ ಒಳ್ಳೆ ಹಾವಿನ ಹಾಗೆ ಬಳುಕಿ ಆಕ್ಸಲ್ ತಿರುಗ್ತಾ ಉಂಟು, ಮತ್ತೆ ಒಂದು ದಿನ ಪಾಟಾಗಳನ್ನೆಲ್ಲ ನಡುವೆ ಹಿಡಿದಿಡುವ ಸೆಂಟರ್ ಬೋಲ್ಟೇ ತುಂಡು.

ಆದ್ರೆ ನಿಜವಾದ ಹೆದರಿಕೆ ಅದಲ್ಲ. ಜೂನ್ ತಿಂಗಳ ಮೊದಲ ಮಳೆ, ಘೋಡ್‌ಬಂದರ್ ರೋಡ್, ಗಾಡಿ ಖಾಲಿ, ಎದುರು ಒಂದು ರಿಕ್ಷಾ ಬ್ರೇಕ್ ಹಾಕಿದ, ನಾನೂ ಹಾಕಿದೆ, ಹಿಂದಿನ ಎರಡು ಚಕ್ರ ಗಪ್ಪಂತ ಲಾಕ್ ಆಗಿ ಗಾಡಿಯ ಹಿಂಭಾಗ ಡಿವೈಡರ್ ಕಡೆ ತಿರುಗಿ ಹೋಯ್ತು. ಯಾರಿಗೂ ಏನೂ ಆಗ್ಲಿಲ್ಲ, ದೇವರು ದೊಡ್ಡವ. ಆಮೇಲೆ ಗೊತ್ತಾದದ್ದು, ಚಾಸಿಯಲ್ಲಿ ಒಂದು ಬ್ರೇಕ್ ವಾಲ್ವ್ ಉಂಟು, ಅದರಿಂದ ಒಂದು ಕಡ್ಡಿ ಆಕ್ಸಲಿಗೆ ಹೋಗ್ತದೆ. ಹಿಂದೆ ಲೋಡ್ ಬಿದ್ದು ಗಾಡಿ ಕೂತ್ರೆ ಕಡ್ಡಿ ವಾಲ್ವನ್ನು ತಿರುಗಿಸಿ ಹಿಂದಿನ ಬ್ರೇಕಿಗೆ ಜಾಸ್ತಿ ಪ್ರೆಶರ್ ಬಿಡ್ತದೆ. ನಾವು ಪಾಟಾ ತೆಗೆದು ಗಾಡಿ ಇಳಿಸಿದೆವು, ಪಾಪ ವಾಲ್ವಿಗೆ ಎಂತ ಗೊತ್ತು, ಅದು ಯಾವಾಗ್ಲೂ ಲೋಡ್ ಉಂಟು ಅಂತ ತಿಳ್ಕೊಂಡು ಬ್ರೇಕ್ ಕೊಡ್ತಾ ಇತ್ತು. ಮಿಸ್ತ್ರಿ ಅದನ್ನು ಮುಟ್ಟಲೂ ಇಲ್ಲ, ಹೇಳಲೂ ಇಲ್ಲ.

ವೆರ್ಣಾ_ಗದಗ (ಗೋವಾ)

ಅಣ್ಣಾ ನೀವೆಲ್ಲಾ ಬಾಳ ಹೆದರಸ್ತೀರಪ್ಪ 😄 ಫ್ಲಿಪ್ ಮಾಡ್ಸಿಬಿಡ್ರಿ, ಆಕ್ಸಲ್ ಮ್ಯಾಲ ಇರೂ ಪಾಟಾನ ಆಕ್ಸಲ್ ಕೆಳಗ ತಂದು ಕಟ್ಟೂದು, ಒಂದ ಸಲಕ್ಕ 5-6 ಇಂಚು ಇಳಿತೈತಿ, ಲುಕ್ ಅಂದ್ರ ಲುಕ್.

ಚೇಷ್ಟಿ ಮಾಡಿದ್ನಿರಿ, ಮಾಡ್ಸಬ್ಯಾಡ್ರಿ. ನಮ್ಮ ರೂಮಿನಾಂವ ಒಬ್ಬ ವಾಸ್ಕೋದಾಗ ಮಾಡ್ಸಿದ್ದ, ಊರೊಳಗ ಮೆರದಾಡಿದ್ದೂ ಮೆರದಾಡಿದ್ದ. ಗಣಪತಿ ಹಬ್ಬಕ್ಕ ಅನಮೋಡ್ ಘಾಟ್ ಹತ್ತಿ ಊರಿಗೆ ಹೊಂಟಿವಿ, ಐದು ಮಂದಿ ಮತ್ತ ಬ್ಯಾಗು. ತೆಗ್ಗಿಗೊಮ್ಮೆ ಆಕ್ಸಲ್ ಬಂದು ಚಾಸಿಗೆ ಢಮ್ಮ್ ಅಂತ ಬಡಿಯೂದು, ಲೋಂಡಾ ಮುಟ್ಟೂದ್ರೊಳಗ ಎಲ್ಲಾರ ಸೊಂಟಾ ಹೋಗಿತ್ತು. ಅಷ್ಟು ಇಳಿಸಬೇಕಂದ್ರ ಆಕ್ಸಲ್ ಮ್ಯಾಲಿನ ಚಾಸಿನ ಅರ್ಧಚಂದ್ರದಂಗ ಕೊಯ್ದು ಜಾಗಾ ಮಾಡಬೇಕಂತ, ಅದು ಯಾರು ಮಾಡ್ತಾರ ಇಲ್ಲೆ.

ನಂದು ಒಂದು ಪುಕ್ಕಟೆ ಐಡಿಯಾ. ಏನೂ ಬಿಚ್ಚೂಕಿಂತ ಮೊದಲ ಹಿಂದಿನ ಆಕ್ಸಲ್ ಮ್ಯಾಲೆ ಬರೂಹಂಗ ವಜ್ಜಿ ಹಾಕಿ ನೋಡ್ರಿ, ನಾವು ಇಲ್ಲೆ ಚೀರೆಕಲ್ಲು ಹಾಕಿದ್ವಿ, ನೀವು ಉಸುಕಿನ ಚೀಲಾ ಹಾಕ್ರಿ. ಎಷ್ಟು ಚೀಲಕ್ಕ ಗಾಡಿ ನಿಮಗ ಬೇಕಾದಷ್ಟು ಇಳಿತೈತಿ ಎಣಸ್ರಿ, ಹಂಗ ಒಂದು ವಾರ ಓಡಸ್ರಿ. ನಿಮಗ ಖರೇನ ಲೆವೆಲ್ ಬೇಕಾಗೈತೋ ಏನ್ ವೈನಿ ಮಾತಿಗೆ ಸಿಟ್ಟ ಬಂದೈತೋ ಗೊತ್ತಾಕ್ಕೈತಿ. ಚೀಲಾ ಗಟ್ಟಿ ಕಟ್ರಿ ಮಾತ್ರ, ಬ್ರೇಕ್ ಹೊಡದ್ರ ಕ್ಯಾಬಿನ್ ಗಾಜಿಗೆ ಬರ್ತಾವು.

ಚಾಕಣ್_ಮೈಸೂರು (ಪುಣೆ)

ನಾನು ಚಾಕಣ್‌ನಲ್ಲಿ ಒಂದು ವೆಂಡರ್ ಕಂಪನಿಲಿ ಸಸ್ಪೆನ್ಷನ್ ಪಾರ್ಟ್ಸ್ ಕೆಲಸಾನೇ ಮಾಡೋದು, ಹನ್ನೊಂದು ವರ್ಷ ಆಯ್ತು. ಕೊಪ್ಪರಿಗೆಯವರು ವಾಲ್ವ್ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ, ಅದನ್ನ ಮೊದಲು ತಲೇಲಿ ಇಟ್ಕೊಳ್ಳಿ. ಕೆಲವು ಗಾಡೀಲಿ ಆ ಕಡ್ಡಿ ವಾಲ್ವ್ ಇರಲ್ಲ, ಎಬಿಎಸ್ (ಚಕ್ರ ಲಾಕ್ ಆಗದ ಹಾಗೆ ತಡೆಯೋದು) ಜೊತೆಗಿರೋ ಇಬಿಡಿನೇ (ಯಾವ ಚಕ್ರಕ್ಕೆ ಎಷ್ಟು ಬ್ರೇಕ್ ಅಂತ ಹಂಚೋ ಎಲೆಕ್ಟ್ರಾನಿಕ್ ವ್ಯವಸ್ಥೆ) ಹಿಂದಿನ ಬ್ರೇಕ್ ನೋಡ್ಕೊಳ್ಳುತ್ತೆ, ನಿಮ್ಮದರಲ್ಲಿ ಏನಿದೆ ಅಂತ ಬಗ್ಗಿ ನೋಡೋಕೆ ಎರಡು ನಿಮಿಷ ಸಾಕು. ಕಡ್ಡಿ ಇದ್ರೆ ಎತ್ತರ ಬದಲಾದ ಮೇಲೆ ಅದನ್ನ ಸೆಟ್ ಮಾಡಿಸ್ಲೇಬೇಕು.

ಈಗ ವಿಷಯಕ್ಕೆ. ಪಿಕಪ್ ಹಿಂದೆ ಎತ್ತರ ಇರೋದು ತಪ್ಪಲ್ಲ, ಲೋಡ್ ಹಾಕಿದಾಗ ಲೆವೆಲ್‌ಗೆ ಬರ್ಲಿ ಅಂತಲೇ ಹಾಗೆ ಮಾಡಿರೋದು. ಆದ್ರೆ "ನಂದು ಅತಿ ಆಯ್ತು" ಅಂದ್ರಲ್ಲ, ನನಗೆ ಅದೇ ಮಾತು ಕಚ್ಚಿದ್ದು. ಅತಿ ಅಂದ್ರೆ ಎಷ್ಟು ಸಾರ್? ಅಳೆದ್ರಾ? ಎಲ್ಲರೂ ಚಕ್ರದ ಸೆಂಟರಿಂದ ಮಡ್‌ಗಾರ್ಡ್ ಅಂಚಿಗೆ ಟೇಪ್ ಹಿಡೀತಾರೆ, ಮುಂದೆ ಒಂದು ನಂಬರ್ ಹಿಂದೆ ಒಂದು ನಂಬರ್ ಬರುತ್ತೆ, ಅದನ್ನ ಕಳೆದು ಇಷ್ಟು ಇಳಿಸ್ಬೇಕು ಅಂತಾರೆ. ಮಡ್‌ಗಾರ್ಡ್ ಕಟಿಂಗ್ ಮುಂದೆ ಹಿಂದೆ ಒಂದೇ ಎತ್ತರಕ್ಕೆ ಇರ್ಬೇಕು ಅಂತ ಎಲ್ಲೂ ಇಲ್ಲ, ಆ ಲೆಕ್ಕ ಸುಳ್ಳು. ಬಾಗಿಲ ಕೆಳಗೆ ನೇರ ಸಿಲ್ ಇರುತ್ತಲ್ಲ, ಸಮ ನೆಲದ ಮೇಲೆ ನಿಲ್ಲಿಸಿ, ಟೈರ್‌ಗೆಲ್ಲಾ ಸರಿಯಾಗಿ ಗಾಳಿ ಹಾಕಿ, ಅದರ ಮೇಲೆ ಒಂದೂವರೆ ಮೀಟರ್ ದೂರದ ಎರಡು ಪಾಯಿಂಟ್ ಅಳೀರಿ. ನಿಮ್ಮ ಗಾಡಿ ವೀಲ್‌ಬೇಸ್ (ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕಿರೋ ದೂರ) 3095 ಮಿ.ಮೀ., ಹಾಗಾಗಿ ಬಂದ ವ್ಯತ್ಯಾಸಾನ ಎರಡರಿಂದ ಗುಣಿಸಿದ್ರೆ ಹತ್ತತ್ರ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರೋ ಏರು ಸಿಗುತ್ತೆ.

ಆಮೇಲೆ ಇದು ಮುಖ್ಯ: ಸೆಕೆಂಡ್ ಹ್ಯಾಂಡ್ ಗಾಡಿ. ಹಿಂದಿನ ಓನರ್ ಏನು ಮಾಡಿದ್ದ ಅಂತ ನಿಮಗೆ ಗೊತ್ತಾ? ಪಾಟಾ ಎಣಿಸಿ. ಗೊತ್ತಿರೋರ ಹತ್ರ ಇನ್ನೊಂದು ವಿ-ಕ್ರಾಸ್ ಇದ್ರೆ ಪಕ್ಕ ನಿಲ್ಲಿಸಿ ಎರಡನ್ನೂ ಎಣಿಸಿ. ಯಾವುದಾದ್ರೂ ಒಂದು ಪಾಟಾ ತುದಿ ಬೇರೆ ಥರ ಕಟ್ ಆಗಿದ್ಯಾ, ತುಕ್ಕಿನ ಬಣ್ಣ ಬೇರೆ ಇದ್ಯಾ, ಪಾಟಾನ ಆಕ್ಸಲ್‌ಗೆ ಬಿಗಿಯೋ ಯು-ಬೋಲ್ಟ್ ನಟ್‌ನಿಂದ ಆಚೆ ಎಷ್ಟು ಉದ್ದ ಚಾಚಿದೆ, ಇದೆಲ್ಲ ನೋಡಿ. ಮುಂದೆ ಏನಾದ್ರೂ ಕಬ್ಬಿಣದ ಗಾರ್ಡ್ ಹಾಕ್ಸಿದಾರಾ? ಹಿಂದೆ ಎತ್ತರ ಆಗಿದ್ಯೋ ಮುಂದೆ ಕುಸಿದಿದ್ಯೋ ತಿಳೀದೇ ಸ್ಪ್ಯಾನರ್ ಎತ್ತಬೇಡಿ.

ಎಲ್ಲಾ ಕಂಪನಿ ಕೊಟ್ಟ ಹಾಗೇ ಇದೆ, ಆದ್ರೂ ಇಳಿಸ್ಬೇಕು ಅಂದ್ರೆ: ಎಲ್ಲಕ್ಕಿಂತ ಕೆಳಗಿನ ದಪ್ಪ ಪಾಟಾ ತೆಗೆದ್ರೆ ಇಳಿಯೋದು ಅದರ ದಪ್ಪದಷ್ಟು ಮಾತ್ರ, ಖಾಲಿ ಗಾಡೀಲಿ ಅದು ಕೆಲಸಾನೇ ಮಾಡ್ತಿರಲ್ಲ, ಅದಿರೋದೇ ಓವರ್‌ಲೋಡಿಗೆ. ಅಂದ್ರೆ ಅರ್ಧ ಇಂಚಿಗೋಸ್ಕರ ಲೋಡ್ ತಾಕತ್ತು ಕಳ್ಕೊಂಡ ಹಾಗೆ. ಮೇಲಿನ ಪಾಟಾ, ಅದರ ಕೆಳಗೆ ಅದರ ಕಣ್ಣಿಗೆ (ತುದೀಲಿ ಬೋಲ್ಟ್ ಹೋಗೋ ಉಂಗುರ) ಸುತ್ತಿರೋ ಎರಡನೇ ಪಾಟಾ, ಎರಡನ್ನೂ ಮುಟ್ಟೋ ಮಾತೇ ಇಲ್ಲ, ಆಕ್ಸಲ್ ಹಿಡ್ಕೊಂಡಿರೋದೇ ಅವು. ಶ್ಯಾಕಲ್ (ಪಾಟಾದ ಒಂದು ತುದೀನ ಚಾಸಿಗೆ ಜೋಡಿಸೋ ತೂಗಾಡೋ ಕೊಂಡಿ) ಗಿಡ್ಡ ಮಾಡೋದು ಇನ್ನೊಂದು ದಾರಿ. ಶ್ಯಾಕಲ್ ಚಾಸಿಯಿಂದ ಕೆಳಗೆ ನೇತಾಡಿ ಅದರ ತುದೀಲಿ ಪಾಟಾ ಕಣ್ಣು ಇದ್ರೆ, ಒಂದು ಇಂಚು ಗಿಡ್ಡ ಮಾಡಿದ್ರೆ ಆಕ್ಸಲ್ ಹತ್ರ ಅರ್ಧ ಇಂಚು ಇಳಿಯುತ್ತೆ, ಯಾಕಂದ್ರೆ ಪಾಟಾದ ಒಂದು ತುದಿ ಮಾತ್ರ ಮೇಲೆ ಬರೋದು. ಆದ್ರೆ ಅದೂ ತುಂಬಾ ಗಿಡ್ಡ ಆದ್ರೆ ಲೋಡಲ್ಲಿ ಪಾಟಾ ಉದ್ದ ಆಗೋಕೆ ಜಾಗ ಸಿಗದೆ ಶ್ಯಾಕಲ್ ಸಿಕ್ಕಾಕೊಳ್ಳುತ್ತೆ.

ಬಡಿದು ಸಪಾಟು ಮಾಡೋದು, ಅಂದ್ರೆ ಕ್ಯಾಂಬರ್ (ಪಾಟಾದ ಬಾಗು) ಕಮ್ಮಿ ಮಾಡೋದು, ತಣ್ಣಗಿರುವಾಗ ಪ್ರೆಸ್‌ನಲ್ಲಿ ನಿಧಾನವಾಗಿ, ಎರಡೂ ಕಡೆ ಒಂದೇ ಅಳತೆಗೆ ಮಾಡೋರು ಇದ್ರೆ ಇದ್ದಿದ್ರಲ್ಲಿ ಅದೇ ಮರ್ಯಾದಸ್ಥ ದಾರಿ. ಆದ್ರೆ ಕೆಲವು ತಿಂಗಳಲ್ಲಿ ಇನ್ನೂ ಸ್ವಲ್ಪ ಕೂರುತ್ತೆ, ಅದಕ್ಕೆ ರೆಡಿ ಇರಿ. ಗ್ಯಾಸ್ ಕಟರ್ ತಂದು ಕೆಂಪಗೆ ಕಾಯಿಸ್ತಾರೆ ಅಂದ್ರೆ ಮಾತ್ರ ಗಾಡಿ ಕೀ ಇಸ್ಕೊಂಡು ಹೊರಟುಬಿಡಿ. ಸ್ಪ್ರಿಂಗ್ ಸ್ಟೀಲ್‌ಗೆ ಹದ ಹಾಕಿರ್ತಾರೆ, ಕಾಯಿಸಿದ ಜಾಗದಲ್ಲಿ ಹದ ಹೋಗುತ್ತೆ, ಅಲ್ಲೇ ಒಂದು ದಿನ ಮುರಿಯುತ್ತೆ, ಅದೂ ಘಾಟಲ್ಲೇ ಮುರಿಯುತ್ತೆ ಯಾಕೋ. ಎಆರ್‌ಎಐ, ಸಿಐಆರ್‌ಟಿ ಅಂತ ಗಾಡಿ ಪರೀಕ್ಷೆ ಮಾಡೋ ದೊಡ್ಡ ಸಂಸ್ಥೆ ಎರಡೂ ಇರೋ ಊರಲ್ಲಿ ಕೂತು ರಸ್ತೆ ಬದಿ ಬೆಂಕಿ ಹಚ್ಚಿ ಸ್ಪ್ರಿಂಗ್ ಹದ ನೋಡೋದು ನಮ್ಮ ಜನಕ್ಕೆ ಮಾತ್ರ ಸಾಧ್ಯ.

ಕಾನೂನು ಒಂದು ಸಾಲಲ್ಲಿ: ಮೋಟಾರು ವಾಹನ ಕಾಯ್ದೆ ಸೆಕ್ಷನ್ 52, ಕಂಪನಿ ಕೊಟ್ಟ ಸ್ಪೆಸಿಫಿಕೇಶನ್ ಮೀರಿ ಬದಲಾಯಿಸೋ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ, ಅದೇ ವರ್ಷದ ತಿದ್ದುಪಡೀಲಿ ಬಂದ 182ಎ ಪ್ರಕಾರ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಕೂಡ ಆಗ್ಬಹುದು. ಇನ್ಶೂರೆನ್ಸ್ ಸರ್ವೇಯರ್ ಕಣ್ಣಿಗೆ ಬಿದ್ರೆ ಆ ತಲೆನೋವು ಬೇರೆ.

ಮತ್ತೆ ಹೆಡ್‌ಲೈಟ್. ಹಿಂದೆ ಒಂದು ಇಂಚು ಇಳಿದ್ರೆ 10 ಮೀಟರ್ ದೂರದ ಗೋಡೆ ಮೇಲೆ ಬೆಳಕು ಸುಮಾರು 8 ಸೆಂ.ಮೀ. ಮೇಲೆ ಹೋಗುತ್ತೆ. ಎದುರಿಗೆ ಬರೋನು ನಿಮ್ಮ ತಾತನ್ನೂ ನೆನೆಸ್ಕೊಳ್ತಾನೆ. ಮರೀದೇ ಸೆಟ್ ಮಾಡಿಸಿ.

ಇಂಡಿ_ನಿಗಡಿ (ಪುಣೆ)

ಸರ್ ನಿಮ್ಮ ಪೋಸ್ಟ್ ಮೂರು ಸಲ ಓದೀನಿ. ಹೌದ್ರಿ ಮುಂದ ಗಾರ್ಡ್ ಐತಿ, ಹಳೇ ಓನರ್ ಹಾಕ್ಸಿದ್ದು, ಕರ್ರಗ ದಪ್ಪಂದು, ನನಗ ಅದು ಚಲೋ ಕಾಣತೈತಿ ಅಂತ ಬಿಟ್ಟಿದ್ನಿ. ಅದಕ್ಕೂ ಇದಕ್ಕೂ ಸಂಬಂಧ ಐತೇನು? ರವಿವಾರ ಕೆಳಗ ಮಕ್ಕೊಂಡು ಪಾಟಾ ಎಣಸ್ತೇನಿ. ಸಮ ನೆಲಾ ಅಂದ್ರಿ, ನಮ್ಮ ಪಾರ್ಕಿಂಗ್ ಸಮ ಐತೋ ಇಲ್ಲೋ ಅದ ಗೊತ್ತಿಲ್ಲ.

ಚಾಕಣ್_ಮೈಸೂರು (ಪುಣೆ)

ಸಂಬಂಧ ಇದೆ. ಗಾರ್ಡ್ ಮುಂದಿನ ಆಕ್ಸಲ್‌ಗಿಂತ ಆಚೆ ನೇತಾಡ್ತಿರುತ್ತೆ, ತಕ್ಕಡಿ ಥರ, ಅದರ ತೂಕಕ್ಕಿಂತ ಜಾಸ್ತಿ ಭಾರ ಮುಂದಿನ ಸ್ಪ್ರಿಂಗ್ ಮೇಲೆ ಬೀಳುತ್ತೆ, ಹಿಂದೆ ಸ್ವಲ್ಪ ಹಗುರ ಆಗುತ್ತೆ. ಅಲ್ಲದೆ 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಎಲ್ಲಾ ರಾಜ್ಯಗಳಿಗೂ ಬುಲ್ ಬಾರ್ (ಇಂಥ ಮುಂದಿನ ಗಾರ್ಡ್) ಮೇಲೆ ಕ್ರಮ ತಗೊಳ್ಳಿ ಅಂತ ಬರೆದಿದೆ. ಇದು ಹೋಗ್ಲೇಬೇಕಾದ್ದು, ಲೆವೆಲ್ ಬೇಕೋ ಬೇಡ್ವೋ. ನೆಲ ಸಮ ಇಲ್ಲ ಅಂದ್ರೆ ಗಾಡೀನ ಉಲ್ಟಾ ತಿರುಗಿಸಿ ಅದೇ ಜಾಗದಲ್ಲಿ ನಿಲ್ಲಿಸಿ ಇನ್ನೊಮ್ಮೆ ಅಳೀರಿ, ಎರಡರ ಸರಾಸರಿ ತಗೊಳ್ಳಿ.

ಇಂಡಿ_ನಿಗಡಿ (ಪುಣೆ)

ಮೂರು ವಾರ ಆತು, ಅಪ್ಡೇಟ್ ಕೊಡೂದು ಬಾಕಿ ಇತ್ತು.

ನಮ್ಮ ಸೊಸೈಟಿ ಬಾಜೂಕ ಬಿಲ್ಡಿಂಗ್ ಏಳಾಕತ್ತೈತಿ, ಅಲ್ಲೆ ಒಬ್ಬ ಗೌಂಡಿ ಯಾದಗಿರಿ ಕಡ್ಯಾಂವ, ಮಾತಾಡಿಸಿದ್ನಿ. ತಮ್ಮ ಲೆವೆಲ್ ಪೈಪ್ ತಂದ, ಗಾಜಿನಂಥ ಪ್ಲಾಸ್ಟಿಕ್ ನಳಿಗಿ, ಒಳಗ ನೀರಿಗೆ ಅರಿವಿಗೆ ಹಾಕೂ ನೀಲಿ ಕಲಿಸಿದ್ದು. ನಾ ಒಂದು ತುದಿ ಮುಂದಿನ ಬಾಗಲದ ಕೆಳಗ ಹಿಡದ್ನಿ, ಅಂವ ಒಂದೂವರೆ ಮೀಟರ್ ಹಿಂದ ಹಿಡದು ಪೆನ್ಸಿಲ್ಲೆ ಗುರ್ತು ಮಾಡಿದ. ನೀರು ಸುಳ್ಳ ಹೇಳೂದಿಲ್ಲ ಕಾಕಾ, ನಿಮ್ಮ ನೆಲಾ ಸೊಟ್ಟ ಇದ್ರೂ ನಡೀತೈತಿ, ಅರ್ಧಾ ನಿಮಿಷ ಅಲ್ಲಾಡಬ್ಯಾಡ್ರಿ ಅಂದ. ನೆಲದ ಸೊಟ್ಟ ಬ್ಯಾರೆ ಅಳದು ಅದನ್ನೂ ಕಳದ, ನನಗಿಂತ ಶಾಣ್ಯಾ. 38 ಮಿ.ಮೀ. ಬಂತು. ಸರ್ ಹೇಳಿದ ಲೆಕ್ಕದ ಪ್ರಕಾರ ಮುಂದಿನ ಚಕ್ರದಿಂದ ಹಿಂದಿಂದಕ್ಕ 78 ಮಿ.ಮೀ. ಏರು. ಮೂರು ಇಂಚ್ ರೀ!

ಆಮ್ಯಾಲ ಪಾಟಾ. ಆಫೀಸಿನ ಒಬ್ಬ ದೋಸ್ತನ ವಿ-ಕ್ರಾಸ್ ಬಾಜೂಕ ಹಚ್ಚಿ ಎರಡೂ ಎಣಸಿದ್ವಿ. ನಂದ್ರಾಗ ಒಂದು ಹೆಚ್ಚಿಗಿ. ಬ್ಯಾಟರಿ ಹಾಕಿ ನೋಡಿದ್ರ ನಡುವಿಂದೊಂದು ಪಾಟಾದ ತುದಿ ಕಟ್ ಮಾಡಿದ್ದು ಹಲ್ಲು ಹಲ್ಲಾಗಿ ಐತಿ, ಬಾಕಿ ಎಲ್ಲಾ ಕರ್ರಗ ಇದ್ರ ಅದೊಂದು ಕೆಂಪು ತುಕ್ಕು, ಯು-ಬೋಲ್ಟು ನಟ್ಟಿಂದ ಮೂರು ಬೆರಳು ಹೊರಗ. ಹಳೇ ಓನರಿಗೆ ಫೋನ್ ಮಾಡಿದ್ನಿ, "ಹೌದು, ಟೈಲ್ಸ್ ಹೇರತಿದ್ನಿ, ಅದಕ್ಕ ಹಾಕ್ಸೀನಿ, ಹೇಳಾಕ ಮರತಿತ್ತು" ಅಂದ. ಮರತಿತ್ತಂತ!

ಸೀದಾ ಹೇಳ್ಬೇಕಂದ್ರ ನಾ ಇಳಸಬೇಕಾಗಿದ್ದು ಏನೂ ಇರಲಿಲ್ಲ, ಅಂವ ಏರಿಸಿದ್ದನ್ನ ತಗೀಬೇಕಾಗಿತ್ತು. ನಾನಾ ಪೇಠದಾಗ ಹೊಸಾ ಯು-ಬೋಲ್ಟು ಕಂಪನಿ ಅಳತಿ ಉದ್ದದ್ದು, ಸೆಂಟರ್ ಬೋಲ್ಟು ತಗೊಂಡ್ನಿ, ಹಳೇ ಯು-ಬೋಲ್ಟ್ ನಡೀತಾವು ಅಂತ ಮಿಸ್ತ್ರಿ ಅಂದ, ನಾ ಕೇಳಲಿಲ್ಲ. ಶ್ಯಾಕಲ್ ಬೋಲ್ಟ್ ಗಾಡಿ ಜಾಕ್ ಮ್ಯಾಲ ಇದ್ದಾಗ ಪೂರಾ ಬಿಗಿ ಮಾಡಾಕ ಬಿಡಲಿಲ್ಲ, ಚಕ್ರ ನೆಲಕ್ಕ ಊರಿದ ಮ್ಯಾಲ ಬಿಗಿ ಮಾಡ್ಸಿದ್ನಿ, ಇಲ್ಲಂದ್ರ ಬುಶ್ ರಬ್ಬರ್ ತಿರುಚಿ ಹರೀತೈತಿ ಅಂತ ದೋಸ್ತ ಹೇಳಿದ್ದ. ಗಾರ್ಡೂ ಬಿಚ್ಚಿದ್ವಿ. ಗುಜರಿಯಾಂವ ತೂಗಿದ್ರ 46 ಕೆಜಿ. ನಾ ಇಷ್ಟು ದಿನ ಒಬ್ಬ ಮನಷ್ಯಾನ ಮೂಗಿನ ಮ್ಯಾಲ ಕುಂದ್ರಸ್ಕೊಂಡು ಅಡ್ಡಾಡಾಕತ್ತಿದ್ನಿ.

ಈಗ ಅದ ಒಂದೂವರೆ ಮೀಟರಿಗೆ 21 ಮಿ.ಮೀ., ಅಂದ್ರ ಒಟ್ಟು 43ರ ಹತ್ರ. ಹಿಂದ 24 ಇಳೀತು, ಮುಂದ 11 ಏರಿತು. ಇನ್ನೂ ಸ್ವಲ್ಪ ಹಿಂದ ಎತ್ತರ ಐತಿ, ಇರಲಿ ಬಿಡ್ರಿ, ಅದು ಕಂಪನಿದು. 200 ಕೆಜಿ ಪೈಪ್ ಹಾಕಿದ್ರ ಹೆಚ್ಚು ಕಡಿಮಿ ಸಪಾಟ ಕುಂದ್ರತೈತಿ, ನೋಡೇನಿ. ಖಾಲಿ ಇದ್ದಾಗ ಬ್ರೇಕರ್ ಮ್ಯಾಲ ಕುಣಿಯೂದು ಎಷ್ಟೋ ಕಡಿಮಿ ಆಗೈತಿ, ಅದು ನಾ ಕೇಳಿದ್ದಲ್ಲ, ಪುಕ್ಕಟೆ ಬಂದಿದ್ದು. ಲೈಟ್ ಗ್ವಾಡಿ ಮ್ಯಾಲ ಐದಾರು ಬೆರಳು ಮ್ಯಾಲ ಹೋಗಿತ್ತು, ಸೆಟ್ ಮಾಡ್ಸೇನಿ. ಬೆಡ್ಡಿನ ನೀರು ಮಾತ್ರ ಈಗೂ ಕ್ಯಾಬಿನ್ ಕಡೆನ ಬರ್ತೈತಿ. ಮುಂದಿನ ವಾರ ಇಂಡಿಗೆ ಹೋಗಿ ಬಂದ್ರ 500 ಕಿಲೋಮೀಟರ್ ದಾಟತೈತಿ, ಯು-ಬೋಲ್ಟ್ ಇನ್ನೊಮ್ಮೆ ಬಿಗಿ ಮಾಡಸ್ಬೇಕು.

ಕೊಪ್ಪರಿಗೆ_ಥಾಣೆ (ಮುಂಬೈ)

ಒಳ್ಳೇದಾಯ್ತು. ಬ್ಲಾಕಿನವನಿಗೆ ಹೇಳಿದ್ರಾ ಇಲ್ವಾ?

ವೆರ್ಣಾ_ಗದಗ (ಗೋವಾ)

ಅಣ್ಣಾ ಆ ತಗದಿದ್ದ ಪಾಟಾ ಎರಡೂ ಒಗೀಬ್ಯಾಡ್ರಿ, ನಮ್ಮ ರೂಮಿನಾಂವಗ ಬೇಕಂತ, ಅಂವ ಈಗ ಏರಸಾಕ ಹೊಂಟಾನ 🙏

ಇಂಡಿ_ನಿಗಡಿ (ಪುಣೆ)

ತಡಾ ಮಾಡಿದಿ ತಮ್ಮಾ. ನಮ್ಮ ಮಾವ ಊರಿಂದ ಫೋನ್ ಮಾಡಿ ಮೊದಲ ಹೇಳಿಟ್ಟಾನ, ಕಂಬಾರಗ ಕೊಟ್ಟು ಒಂದು ಕೊಡ್ಲಿ, ಎರಡು ಕುಡಗೋಲು ಮಾಡಸ್ತಾನಂತ. ಲಾರಿ ಪಾಟಾದ್ದಕ್ಕಿಂತ ಇದು ತೆಳ್ಳಗ ಐತಿ, ಕುಡಗೋಲಿಗೆ ಬೇಶ್ ಆಕ್ಕೈತಿ ಅಂದ.